ಅಕ್ಕನ ಇಸವಿಯ ನಾಲ್ಕು ಸೀಸೆ

ಮೊಂಟೆರಾವೊ
೮ ಫೆಬ್ರವರಿ ೧೯೯೮

ಸವೋನಾ ಬಂದರಿನ ಮೂರನೆಯ ಮಹಡಿಯ ಅಡುಗೆಮನೆಯಲ್ಲಿ ನೆರೆದಿರುವ ಸಮಸ್ತ ಸಭಿಕರೇ, ಸೂಜಿದಾರ ಹಿಡಿದ ಮಾತೆಯರೇ, ಒಲೆಯ ಪಕ್ಕ ಕಣ್ಣು ಮುಚ್ಚಿ ಕೂತ ಬೆಕ್ಕೇ, ಇತ್ತ ಕಿವಿಗೊಡಿ. ಪರದೆ ಎದ್ದಿದೆ.

ನನ್ನ ಅಕ್ಕ ಡೆಲ್ಫೀನಾಳ ಕಣ್ಣಿಗೆ ಪೊರೆ ಬಂದಿದೆ, ಬಂದ ಕಾಗದವನ್ನೆಲ್ಲ ಪಕ್ಕದ ಮನೆಯ ಎರ್ನೆಸ್ತಾ ಓದಿ ಹೇಳುತ್ತಾಳೆ, ಅದನ್ನು ಕೇಳುವುದಕ್ಕೆ ಆ ಮಹಡಿಯ ಹೆಂಗಸರೆಲ್ಲ ಹೊಲಿಗೆ ಎತ್ತಿಕೊಂಡು ಬರುತ್ತಾರೆ ಎಂಬ ವರ್ತಮಾನ ಬೆಟ್ಟ ಹತ್ತಿ ನನ್ನವರೆಗೂ ಬಂದಿದೆ. ಎರ್ನೆಸ್ತಾ ಅವರೇ, ಗಂಟಲು ಸರಿಮಾಡಿಕೊಳ್ಳಿ. ಎವಾಸಿಯೊ ಬರೆದದ್ದನ್ನು ಪಿಸುದನಿಯಲ್ಲಿ ಓದಿದರೆ ಅಕ್ಷರಗಳು ಎದ್ದು ಬಾಗಿಲಿಂದಾಚೆ ಹೋಗುತ್ತವೆ.

ಅಕ್ಕಾ, ಸುದ್ದಿ ಇಷ್ಟು. ತಿಂಗಳ ಮೊದಲ ಭಾನುವಾರ ಊರಿನ ಹಳೆಯ ನೆಲಮಾಳಿಗೆಗಳನ್ನು ಹೊರಗಿನವರಿಗೆ ತೋರಿಸಬೇಕೆಂದು ಪುರಸಭೆಯವರು ಠರಾವು ಮಾಡಿದರು. ನಮ್ಮ ಮನೆಯದೂ ಪಟ್ಟಿಯಲ್ಲಿದೆ. ನೆಲಮಾಳಿಗೆಗೂ ಕೆಳಗೆ ಅಪ್ಪ ಏಳು ಚಳಿಗಾಲ ಕೂತು ಉಳಿಯಲ್ಲಿ ಕೊರೆದ ಕಲ್ಲುಕೋಣೆಯನ್ನು ನೋಡಲು ಮಿಲಾನಿನಿಂದ, ಜರ್ಮನಿಯಿಂದ ಜನ ಬರುತ್ತಾರೆ. ಲಾಂದ್ರ ಹಿಡಿದು ಮುಂದೆ ನಡೆಯುವವನು ನಾನು. ಎಪ್ಪತ್ಮೂರನೆಯ ವಯಸ್ಸಿಗೆ ಮತ್ತೆ ರಂಗ ಸಿಕ್ಕಿದೆ, ಅದೂ ನಮ್ಮ ಮನೆಯ ಅಡಿಯಲ್ಲೇ.

ಕಳೆದ ಭಾನುವಾರ ಮಿಲಾನಿನ ಹೆಂಗಸೊಬ್ಬಳು ಗೋಡೆ ಸವರಿ ಕೇಳಿದಳು, "ಅಜ್ಜಾ, ಇದನ್ನ ಯಾವ ಯಂತ್ರದಲ್ಲಿ ಕೊರೆದ್ರಿ?"

"ತಾಯೀ, ಯಂತ್ರದ ಹೆಸರು ಬಾತಿಸ್ತಾ. ನಮ್ಮಪ್ಪ. ದಿನಕ್ಕೆ ಎರಡು ಹೊತ್ತು ಜೋಳದ ಮುದ್ದೆ ಹಾಕಿದ್ರೆ ಓಡ್ತಿತ್ತು."

ಎಲ್ಲರೂ ನಕ್ಕರು. ಆಮೇಲೆ ಆಕೆ ಗೋಡೆಯ ಗೂಡುಗಳನ್ನು ನೋಡುತ್ತಾ ಬಂದು ಒಂದರ ಮುಂದೆ ನಿಂತಳು. "ಎಲ್ಲಾ ಗೂಡಲ್ಲೂ ಸೀಸೆ ಇದೆ. ಡಿ ಅಂತ ಕೆತ್ತಿರೋ ಇದೊಂದು ಯಾಕೆ ಖಾಲಿ?"

ಯಾವ ಪ್ರಶ್ನೆಗೂ ಮೂರು ಉತ್ತರ ಇಟ್ಟುಕೊಂಡಿರುವ ನಿನ್ನ ತಮ್ಮ ಲಾಂದ್ರದ ಬತ್ತಿ ಸರಿಮಾಡುವವನ ಹಾಗೆ ಬಗ್ಗಿ ನಿಂತ.

ಅದಕ್ಕೇ ಬರೆಯುತ್ತಿದ್ದೇನೆ. ಹತ್ತೊಂಬತ್ತು ವರ್ಷ ಆಗುತ್ತಾ ಬಂತು, ಕ್ರಿಸ್‌ಮಸ್ಸಿಗೆ ಒಂದು ಕಾರ್ಡು ಬಿಟ್ಟರೆ ನಮ್ಮ ನಡುವೆ ಏನೂ ಇಲ್ಲ. ಜೂನ್ ತಿಂಗಳ ಮೊದಲ ಭಾನುವಾರಕ್ಕೆ ಬಾ ಅಕ್ಕಾ. ಹುಟ್ಟಿದ ಮನೆಯನ್ನು ನೋಡಲು ಪರದೇಶದವರು ಬರುತ್ತಿರುವಾಗ ಆ ಮನೆಯ ಮಗಳು ಬರಬಾರದೇ?

ಇತಿ ನಿನ್ನ ತಮ್ಮ,
ಎವಾಸಿಯೊ


ಸವೋನಾ
೨೨ ಫೆಬ್ರವರಿ ೧೯೯೮

ವಾಸಿನ್,

ಕಾಗದ ತಲುಪಿತು. ಊರಿಗೆಲ್ಲ ನೀನು ಎವಾಸಿಯೊ, ನನಗೆ ಈಗಲೂ ವಾಸಿನ್. ಎರ್ನೆಸ್ತಾ ನೀನು ಹೇಳಿದ ಹಾಗೇ ಓದಿದಳು, ಕೆಳಗಿನ ಮಹಡಿಯವರು ಕೋಲಿನಿಂದ ಸೂರು ಕುಟ್ಟಿದರು. ನಿನ್ನ ಸಣ್ಣಕ್ಷರ ಓದಲು ನನಗೆ ಕಣ್ಣಿಲ್ಲ. ಬರೆಯಲು ಕಣ್ಣು ಬೇಡ, ದೊಡ್ಡ ಅಕ್ಷರವೂ ಒಂದಿಷ್ಟು ಸಿಟ್ಟೂ ಇದ್ದರೆ ಸಾಕು.

ಗೂಡು ಯಾಕೆ ಖಾಲಿ ಅಂತ ಆ ಹೆಂಗಸಿಗೆ ನೀನು ಹೇಳಲಿಲ್ಲ. ನಾನು ಹೇಳುತ್ತೇನೆ, ನಿನ್ನ ಸಭೆಯೂ ಕೇಳಲಿ.

ಅಪ್ಪ ಯುದ್ಧದಿಂದ ವಾಪಸು ಬಂದ ವರ್ಷ, ೧೯೧೯ರ ದ್ರಾಕ್ಷಿ ಸುಗ್ಗಿಯಲ್ಲಿ, ನಾನು ಹುಟ್ಟಿದೆ. ಆ ವರ್ಷದ ವೈನಿನಲ್ಲಿ ನಾಲ್ಕು ಸೀಸೆ ತುಂಬಿ, ಬಿರಡೆಗೆ ಅರಗು ಹಾಕಿ, ಗೂಡು ಕೊರೆದು ನನ್ನ ಅಕ್ಷರ ಕೆತ್ತಿದ. ಹೆಣ್ಣುಮಗುವಿನ ಹೆಸರಲ್ಲಿ ಗೂಡು ಕೊರೆದದ್ದಕ್ಕೆ ಊರೆಲ್ಲ ಅವನನ್ನು ನೋಡಿ ನಕ್ಕಿತ್ತು. "ನಿನಗೆ ಅರವತ್ತು ತುಂಬಿದ ದಿನ ತೆಗಿ ಮಗಳೇ" ಅಂದಿದ್ದ. ಮದುವೆಯಲ್ಲಿ ತೆಗೆಯಲಿಲ್ಲ. ಮಗ ಹುಟ್ಟಿದಾಗ ತೆಗೆಯಲಿಲ್ಲ. ಅಪ್ಪ ಹೋದಾಗಲೂ ಮುಟ್ಟಲಿಲ್ಲ.

ಅರವತ್ತಕ್ಕೆ ಬಂದೆ. ಬೀಗರನ್ನೂ ಕರೆದುಕೊಂಡು ಬಂದೆ. ಸುಗ್ಗಿ ಹಬ್ಬದ ನಾಟಕಕ್ಕೆ ಮೊದಲ ಸಾಲಿನಲ್ಲಿ ಕೂತೆ. ಮೂರನೆಯ ಅಂಕದಲ್ಲಿ ನೀನು ಮುದಿ ಜಹಗೀರದಾರನ ಸುಳ್ಳು ಗಡ್ಡ ಕಟ್ಟಿಕೊಂಡು ಬಂದೆ. ನಿನ್ನ ಮುಂದಿನ ಮೇಜಿನ ಮೇಲೆ ನನ್ನ ನಾಲ್ಕು ಸೀಸೆ. ನಾನು ನೋಡುತ್ತಿದ್ದ ಹಾಗೇ ನೀನು ಅರಗು ಒಡೆದೆ, ಬಿರಡೆ ಕಿತ್ತೆ, ಕುಡಿದೆ. ಆಮೇಲೆ ಎರಡನೆಯದು. ಮೂರನೆಯದು. ನಾಲ್ಕನೆಯದು. ಜನ ಚಪ್ಪಾಳೆ ತಟ್ಟಿದರು. ಆಟ ಮುಗಿದ ಮೇಲೆ ಪರದೆಯ ಹಿಂದೆ ಬಂದು, ಉಳಿದದ್ದು ಎಲ್ಲಿ ಅಂತ ನಾನು ಕೇಳಿದೆ. "ನಟರೆಲ್ಲ ಸೇರಿ ಮುಗಿಸಿಬಿಟ್ವಿ ಅಕ್ಕಾ" ಅಂದೆ ನೀನು. ಮರುದಿನದ ಮೊದಲ ರೈಲು ಹತ್ತಿದೆ ನಾನು.

ಈಗ ಒಂದು ಪ್ರಶ್ನೆ. ನಿನಗೆ ಹದಿನಾರು ವರ್ಷ ಇದ್ದಾಗ ಆ ಪಾತ್ರವನ್ನು ಪುಸ್ತಕ ಹಿಡಿದು ಬಾಯಿಪಾಠ ಮಾಡಿಸಿದವಳು ನಾನು. ಪುಸ್ತಕದಲ್ಲಿ ಜಹಗೀರದಾರ ತೆಗೆಯುವುದು ಒಂದೇ ಸೀಸೆ. ನೀನು ನಾಲ್ಕನ್ನೂ ತೆಗೆದದ್ದು ಯಾಕೆ?

ಎದೆಗೆ ಉಣ್ಣೆಬಟ್ಟೆ ಕಟ್ಟಿಕೋ. ಫೆಬ್ರವರಿಯಲ್ಲಿ ನಿನಗೆ ಕೆಮ್ಮು ಬರುತ್ತದೆ.

ಡೆಲ್ಫೀನಾ


ಮೊಂಟೆರಾವೊ
೧೫ ಮಾರ್ಚ್ ೧೯೯೮

ಅಕ್ಕಾ, ಮತ್ತು ಮಾನ್ಯ ಸಭಿಕರೇ,

ಅಪರಾಧಿ ಕಟಕಟೆಗೆ ಬಂದಿದ್ದಾನೆ. ಟೊಪ್ಪಿಗೆ ಕೈಯಲ್ಲಿದೆ, ಉಣ್ಣೆ ಎದೆಯ ಮೇಲಿದೆ. ಆಪಾದನೆಯ ಪ್ರತಿ ಅಕ್ಷರವೂ ನಿಜ.

ಅಲ್ಲಿಯವರೆಗೆ ಆ ದೃಶ್ಯವನ್ನು ಬೀಟ್‌ರೂಟಿನ ನೀರಿನಲ್ಲಿ ಮಾಡುತ್ತಿದ್ದೆ. ಅದರ ಹಿಂದಿನ ವರ್ಷ ಕೊನೆಯ ಸಾಲಿನಿಂದ ಯಾರೋ ಕೂಗಿದ್ದರು, "ಜಹಗೀರದಾರ್ರೇ, ನೂರು ವರ್ಷದ ಸೀಸೆ ಅಂತೀರಿ, ನಿನ್ನೆ ತೊಳೆದ್ಹಂಗಿದೆ." ಜಹಗೀರದಾರನ ಶತ್ರು ಪಾತ್ರದಲ್ಲಿದ್ದ ಓರೆಸ್ತೆ ರಂಗದ ಮೇಲೇ ನಕ್ಕುಬಿಟ್ಟ. ಒಂದು ವರ್ಷ ಆ ನಗು ನನ್ನ ಕಿವಿಯಲ್ಲಿತ್ತು. ನನಗೆ ನಿಜವಾದ ಧೂಳು ಬೇಕಿತ್ತು ಅಕ್ಕಾ. ಅರವತ್ತು ವರ್ಷದ ಧೂಳನ್ನು ಯಾವ ಬಣ್ಣಗಾರ ಬಳಿಯಬಲ್ಲ? ಕಲ್ಲುಕೋಣೆಗೆ ಇಳಿದೆ, ಕತ್ತಲೆಯಲ್ಲಿ ಕೈಗೆ ಸಿಕ್ಕಿದ್ದನ್ನು ತೆಗೆದೆ, ಅಕ್ಷರ ನೋಡಲಿಲ್ಲ.

ಇನ್ನು ನಾಲ್ಕು ಯಾಕೆ ಅಂದರೆ, ಅದರ ರುಚಿ ಹಾಗಿತ್ತು. ನಾಲಿಗೆಯ ಮೇಲೆ ಇಟ್ಟೊಡನೆ ನನ್ನ ಪಿತೃಗಳು ಎದ್ದು ನಿಂತರು. ಬೆಟ್ಟದ ನೇರಳೆ ಹೂವು, ಸುಗ್ಗಿಯ ಬಿಸಿಲು, ಕನ್ಯೆಯ ಮೊದಲ ನಿಟ್ಟುಸಿರು. ಒಂದು ಬಟ್ಟಲು ಕುಡಿದವನಿಗೆ ಎರಡನೆಯದನ್ನು ನಿರಾಕರಿಸುವ ಶಕ್ತಿ ದೇವರು ಕೊಟ್ಟಿಲ್ಲ. ದುರಾಸೆ ಅಕ್ಕಾ, ಬರೀ ದುರಾಸೆ. ಹೊಡಿ, ಬೈಯಿ, ಆದರೆ ಜೂನಿನಲ್ಲಿ ಬಂದು ಬೈಯಿ.

ಓರೆಸ್ತೆ ಈಗ ಮೂರು ಚಕ್ರದ ಗಾಡಿ ಓಡಿಸುತ್ತಾನೆ, ತೋಟಕ್ಕೆ ಗೊಬ್ಬರ ಸಾಗಿಸುವುದು. ನಿನ್ನನ್ನು ಕೇಳಿದ ಅಂತ ಹೇಳಲು ಹೇಳಿದ.

ನಿನ್ನ,
ಎವಾಸಿಯೊ


ಸವೋನಾ
೨೯ ಮಾರ್ಚ್ ೧೯೯೮

ವಾಸಿನ್,

"ಪಿತೃಗಳು ಎದ್ದು ನಿಂತರು" ಅಂತ ಎರ್ನೆಸ್ತಾ ಓದುತ್ತಿದ್ದ ಹಾಗೇ "ಬೆಟ್ಟದ ನೇರಳೆ ಹೂವು" ಅಂತ ನಾನು ಮುಂದಿನದನ್ನು ಹೇಳಿದೆ. ಅವಳು ಕನ್ನಡಕ ತೆಗೆದು ನನ್ನನ್ನೇ ನೋಡಿದಳು. "ಕನ್ಯೆಯ ಮೊದಲ ನಿಟ್ಟುಸಿರು" ತನಕ ನಾನೇ ಮುಗಿಸಿದೆ.

ಅದು ಜಹಗೀರದಾರನ ಮಾತು ಕಣೋ. ಮೂರನೆಯ ಅಂಕ, ಪುಸ್ತಕದ ಎಡಗಡೆಯ ಪುಟ. ಅಲ್ಲಿ ನನ್ನ ಸೀಸೆಯ ರುಚಿ ಎಲ್ಲಿದೆ?

ನಿನಗೆ ಆರು ವರ್ಷ ಇದ್ದಾಗ ಪಾದ್ರಿಗಳ ಕೋಳಿ ನಿನ್ನ ಕಲ್ಲೇಟಿಗೆ ಸತ್ತಿತ್ತು. ಅವತ್ತೂ ನೀನು ಇಷ್ಟೇ ಚೆನ್ನಾಗಿ ಮಾತಾಡಿದ್ದೆ. ಚೆನ್ನಾಗಿ ಮಾತಾಡಿದರೆ ಸಾಕು, ನನಗೆ ಗೊತ್ತಾಗುತ್ತದೆ.

ಜೂನಿಗೆ ನನ್ನ ಮೊಣಕಾಲು ಹೇಗಿದ್ದರೂ ಬರುತ್ತೇನೆ, ನಿಜ ಹೇಳಿದರೆ. ಹೇಳದಿದ್ದರೆ ಬರುವುದಿಲ್ಲ. ಎಪ್ಪತ್ತೆಂಟು ನನಗೆ. ಇನ್ನೊಂದು ಸಲ ಕೇಳುವಷ್ಟು ಕಾಲ ಇಲ್ಲ.

ಡೆಲ್ಫೀನಾ


ಸವೋನಾ
೩ ಮೇ ೧೯೯೮

ವಾಸಿನ್,

ಐದು ವಾರ ಆಯಿತು. ಹುಟ್ಟಿದಂದಿನಿಂದ ನೀನು ಐದು ನಿಮಿಷ ಸುಮ್ಮನಿದ್ದದ್ದು ನಾನು ನೋಡಿಲ್ಲ. ಈಸ್ಟರ್‌ಗೂ ಕಾಗದ ಇಲ್ಲ. ಮೂರು ಸಲ ಅಂಚೆಯವನನ್ನು ತಡೆದು ಕೇಳಿದೆ, "ಅಜ್ಜಿ, ನಿಮಗೆ ಯಾರಾದ್ರೂ ಪ್ರಿಯಕರ ಇದಾನಾ?" ಅಂದ.

ಕೆಮ್ಮು ಎದೆಗೆ ಇಳಿಯಿತೇ? ಯಾರ ಕೈಲಾದರೂ ಬರೆಸು.

ಅಕ್ಕ


ಮೊಂಟೆರಾವೊ
೧೦ ಮೇ ೧೯೯೮

ಅಕ್ಕಾ,

ಇವತ್ತು ಸಭೆ ಬೇಡ. ಎರ್ನೆಸ್ತಾ ಅವರೇ, ನಿಮ್ಮಲ್ಲಿ ಬೇಡಿಕೊಳ್ಳುತ್ತೇನೆ, ಇಲ್ಲಿಗೆ ನಿಲ್ಲಿಸಿ. ಇದನ್ನು ಅವಳ ಕೈಯಲ್ಲಿ ಕೊಡಿ. ಅಕ್ಷರ ದಪ್ಪಗೆ ಬರೆದಿದ್ದೇನೆ, ಕಿಟಕಿಯ ಹತ್ತಿರ ಕೂತು ಅವಳೇ ಓದಿಕೊಳ್ಳಲಿ.

ಕೆಮ್ಮಿಲ್ಲ ಅಕ್ಕಾ. ನಾಲ್ಕು ಸಲ ಬರೆದೆ, ನಾಲ್ಕು ಸಲ ಒಲೆಗೆ ಹಾಕಿದೆ.

ಕತ್ತಲೆಯಲ್ಲಿ ಅಕ್ಷರ ನೋಡಲಿಲ್ಲ ಅಂದದ್ದು ಸುಳ್ಳು. ನೋಡಿದ್ದೆ. ಬೆರಳಿಟ್ಟು ಸವರಿಯೂ ಇದ್ದೆ. ನಾಲ್ಕನ್ನೂ ಮೇಜಿನ ಮೇಲೆ ಇಡುವುದು, ಪುಸ್ತಕದಲ್ಲಿರುವಂತೆ ಒಂದನ್ನು ತೆಗೆಯುವುದು, ಮೂರನ್ನು ಮರುದಿನ ನಿನ್ನ ಕೈಗೆ ಕೊಟ್ಟು ಕಾಲು ಹಿಡಿಯುವುದು, ಇದು ನನ್ನ ಲೆಕ್ಕಾಚಾರವಾಗಿತ್ತು. ನೀನು ನಗುತ್ತೀಯ ಅಂದುಕೊಂಡಿದ್ದೆ.

ಮೊದಲನೆಯದನ್ನು ತೆಗೆದೆ. ಬಾಯಿಗಿಟ್ಟೆ. ಹುಳಿ. ಕಣ್ಣಲ್ಲಿ ನೀರು ಬರುವ ಹುಳಿ. ಸೊಪ್ಪಿನ ಮೇಲೆ ಚಿಮುಕಿಸಲೂ ಆಗದಂಥದ್ದು. ಎದುರಿಗೆ ಇನ್ನೂರು ಜನ, ಮೊದಲ ಸಾಲಿನಲ್ಲಿ ನೀನು. ಒಂದು ಕೆಟ್ಟಿರಬಹುದು, ಮೂರು ಚೆನ್ನಾಗಿರುತ್ತವೆ ಅಂದುಕೊಂಡೆ. ಆದರೆ ಚೆನ್ನಾಗಿವೆ ಅಂತ ತಿಳಿಯದೆ ಮರುದಿನ ಬೀಗರ ಮುಂದೆ ನಿನ್ನ ಕೈಗೆ ಹೇಗೆ ಕೊಡಲಿ? ಎರಡನೆಯದನ್ನು ತೆಗೆದೆ. ಹುಳಿ. ಮಾತನ್ನು ಹಿಗ್ಗಿಸಿ, ಇಲ್ಲದ ಸಾಲು ಸೇರಿಸಿ, ಮೂರನೆಯದನ್ನು ತೆಗೆದೆ. ಓರೆಸ್ತೆ ಪಕ್ಕದಲ್ಲೇ ನಿಂತಿದ್ದವನು ಮೂಗು ಅರಳಿಸಿದ, ನನ್ನ ಮುಖ ನೋಡಿದ, ತಲೆ ತಗ್ಗಿಸಿದ. ಇವತ್ತಿನವರೆಗೆ ಅವನು ಬಾಯಿಬಿಟ್ಟಿಲ್ಲ. ನಾಲ್ಕನೆಯ ಅರಗು ಒಡೆಯುವಾಗ ನಾನು ಜಹಗೀರದಾರನೂ ಅಲ್ಲ, ನಟನೂ ಅಲ್ಲ, ದೇವರೇ ಇದೊಂದಾದರೂ ಅಂತ ಬೇಡಿಕೊಳ್ಳುತ್ತಿದ್ದ ಒಬ್ಬ ತಮ್ಮ. ನನ್ನ ಜನ್ಮದಲ್ಲಿ ಅಷ್ಟು ದೊಡ್ಡ ಚಪ್ಪಾಳೆ ಮತ್ತೆ ಬೀಳಲಿಲ್ಲ.

ಉಳಿದದ್ದನ್ನು ಯಾರೂ ಕುಡಿಯಲಿಲ್ಲ. ಪರದೆ ಬಿದ್ದೊಡನೆ ನಾಟಕಶಾಲೆಯ ಹಿಂದಿನ ಚರಂಡಿಗೆ ಸುರಿದೆ. ನೀನು ಬಂದು ಕೇಳಿದಾಗ ನನ್ನ ಕೈ ಇನ್ನೂ ಒದ್ದೆಯಾಗಿತ್ತು.

ನಮ್ಮೂರು ನಿನಗೆ ಗೊತ್ತು. ಇಲ್ಲಿ ಒಬ್ಬನನ್ನು ಕಳ್ಳ ಅನ್ನಬಹುದು, ಕುಡುಕ ಅನ್ನಬಹುದು, ಹೆಂಡತಿಯನ್ನು ಹೊಡೆಯುತ್ತಾನೆ ಅಂತಲೂ ಅನ್ನಬಹುದು. ಅವನ ವೈನು ಹುಳಿ ಅನ್ನುವ ಹಾಗಿಲ್ಲ. ಆ ಮಾತು ಬಿದ್ದ ಮನೆಯ ದ್ರಾಕ್ಷಿಯನ್ನು ಯಾರೂ ಮೂಸುವುದಿಲ್ಲ. ಅಪ್ಪ ನಿನಗೋಸ್ಕರ ಊರಿನ ನಗು ಸಹಿಸಿಕೊಂಡು ಆ ಗೂಡು ಕೊರೆದ. ಅವನು ನಿನಗೆಂದು ಇಟ್ಟದ್ದು ಅರವತ್ತು ವರ್ಷ ಕತ್ತಲಲ್ಲಿ ಕೂತು ಸತ್ತುಹೋಗಿತ್ತು ಅಂತ ನಿನಗೆ ನಾನು ಹೇಗೆ ಹೇಳಲಿ? ನನ್ನನ್ನು ಕಳ್ಳ ಅಂದುಕೊಂಡರೆ ಅಪ್ಪನ ವೈನು ಅಮೃತವಾಗಿ ಉಳಿಯುತ್ತದಲ್ಲ ಅನ್ನಿಸಿತು. ಇಷ್ಟು ವರ್ಷ ಆಗುತ್ತದೆ ಅಂತ ಗೊತ್ತಿರಲಿಲ್ಲ. ಒಂದು ವಾರ ಸಿಟ್ಟು ಮಾಡಿ ಬರುತ್ತೀಯ ಅಂದುಕೊಂಡಿದ್ದೆ.

ಇಷ್ಟೇ ಅಕ್ಕಾ. ಇದರಲ್ಲಿ ಪುಸ್ತಕದ ಮಾತು ಒಂದೂ ಇಲ್ಲ.

ವಾಸಿನ್


ಸವೋನಾ
೨೦ ಮೇ ೧೯೯೮

ವಾಸಿನ್, ನನ್ನ ಪೆದ್ದ ತಮ್ಮಾ,

ಕಿಟಕಿಯ ಹತ್ತಿರ ಕೂತೆ. ದಪ್ಪ ಅಕ್ಷರ ಎರಡನೆಯ ಪುಟದವರೆಗೆ ಬಂತು, ಆಮೇಲೆ ನೀನು ಅವಸರಕ್ಕೆ ಬಿದ್ದು ಇರುವೆ ಸಾಲು ಮಾಡಿದ್ದೀ. ಎರ್ನೆಸ್ತಾಳನ್ನು ಕರೆಯದೆ ವಿಧಿಯಿರಲಿಲ್ಲ. ನಾಲ್ಕನೆಯ ಸೀಸೆಗೆ ಬಂದಾಗ ಅವಳು ಮೂಗು ಒರೆಸಿಕೊಂಡಳು, ಚರಂಡಿಗೆ ಬಂದಾಗ ಅವಳಿಂದ ಓದಲು ಆಗಲಿಲ್ಲ. ನಾನು ನಗುತ್ತಿದ್ದೆ. ಅವಳಿಗೆ ಸಿಟ್ಟು ಬಂತು. "ಎಂಥಾ ಹೆಂಗಸ್ರೀ ನೀವು" ಅಂದಳು.

ಅಪ್ಪನಿಗೆ ವೈನು ಮಾಡಲು ಬರುತ್ತಿರಲಿಲ್ಲ ವಾಸಿನ್. ಯಾವತ್ತೂ ಬರುತ್ತಿರಲಿಲ್ಲ. ಪೀಪಾಯಿ ತೊಳೆಯಲು ಅವನಿಗೆ ಬೇಜಾರು, ಮನಸ್ಸೆಲ್ಲ ಉಳಿ ಸುತ್ತಿಗೆಯ ಮೇಲೆ. ಮೂರು ವರ್ಷಕ್ಕೊಮ್ಮೆ ಪೂರಾ ಹುಳಿಯಾಗುತ್ತಿತ್ತು. ಅಮ್ಮ ಅದನ್ನು ತೌರಿಗೆ ಸಾಗಿಸಿ ಅಲ್ಲಿಂದ ಒಳ್ಳೆಯದು ತಂದು ಅದೇ ಪೀಪಾಯಿಗೆ ತುಂಬಿಸುತ್ತಿದ್ದಳು, ಕತ್ತೆ ಹಿಡಿದುಕೊಂಡು ಜೊತೆಗೆ ಹೋಗುತ್ತಿದ್ದವಳು ನಾನು. ನೀನು ಚಿಕ್ಕವನು, ಬಾಯಿ ದೊಡ್ಡದು, ನಿನಗೆ ಹೇಳಲಿಲ್ಲ. ಆ ನಾಲ್ಕು ಸೀಸೆ ಮಾತ್ರ ಅವನು ಯಾರಿಗೂ ಬಿಡದೆ ತಾನೇ ತುಂಬಿದ್ದ. ಹೇಗಿರಬಹುದು ಅಂತ ನನಗೆ ಅಂದಾಜಿತ್ತು. ಹುಳಿಯೋ ಸಿಹಿಯೋ, ಅವನು ನನಗೆ ಅಂತ ಇಟ್ಟದ್ದನ್ನು ನನ್ನ ಬಾಯಲ್ಲಿ ಹಿಡಿಯಬೇಕು ಅಂತ ಬಂದಿದ್ದೆ.

ನನ್ನ ಸಿಟ್ಟು ಕೇಳು. ಮೊದಲ ಸಾಲಿಗೂ ನಿನಗೂ ನಾಲ್ಕು ಹೆಜ್ಜೆ. ಇಳಿದು ಬಂದು ಬಟ್ಟಲು ನನ್ನ ಕೈಗೆ ಕೊಡಬಹುದಿತ್ತು. ನಾನೂ ಕುಡಿದು ನಿನ್ನ ಹಾಗೇ ಮುಖ ಮಾಡುತ್ತಿದ್ದೆ. ಇಬ್ಬರಿಗೂ ಗೊತ್ತಾಗುತ್ತಿತ್ತು. ಬೀಗರಿಗೆ ಏನಾದರೂ ಹೇಳುತ್ತಿದ್ದೆವು. ಹತ್ತೊಂಬತ್ತು ವರ್ಷ ಅಪ್ಪನನ್ನು ನೀನೊಬ್ಬನೇ ಹೊತ್ತುಕೊಂಡು ತಿರುಗಿದ್ದೀ. ಅವನು ನಿನಗೊಬ್ಬನಿಗೇ ಅಪ್ಪನಾ?

ಜೂನ್ ಆರನೇ ತಾರೀಕು ಶನಿವಾರ, ಹನ್ನೊಂದು ಗಂಟೆಯ ರೈಲಿಗೆ ಆಕ್ವಿಯಲ್ಲಿ ಇಳಿಯುತ್ತೇನೆ. ಬ್ಯಾಂಡು ತರಬೇಡ. ಭಾಷಣ ಬೇಡ. ಭಾನುವಾರ ಎಲ್ಲರ ಜೊತೆ ನಾನೂ ಕಲ್ಲುಕೋಣೆಗೆ ಇಳಿಯುತ್ತೇನೆ, ಮೊಣಕಾಲು ಏನಾದರೂ ಆಗಲಿ. ಯಾರಾದರೂ ಆ ಗೂಡು ಯಾಕೆ ಖಾಲಿ ಅಂತ ಕೇಳಿಯೇ ಕೇಳುತ್ತಾರೆ. ನೀನು ಏನು ಹೇಳುತ್ತೀ ಅಂತ ನಿಂತು ಕೇಳುತ್ತೇನೆ.

ನಿನ್ನ ಅಕ್ಕ,
ಡೆಲ್ಫೀನಾ


ಮೊಂಟೆರಾವೊ, ನಮ್ಮ ಮನೆ
೬ ಜೂನ್ ೧೯೯೮, ಶನಿವಾರ ಸಂಜೆ

ಅಕ್ಕಾ,

ಹೊರಗೆ ಇನ್ನೂ ಬೆಳಕಿದೆ, ನೀನು ಪ್ರಯಾಣದ ದಣಿವಿಗೆ ಆಗಲೇ ಮಲಗಿದ್ದೀ. ಗೋಡೆಯ ಆಚೆಯಿಂದ ಗೊರಕೆ ಕೇಳುತ್ತಿದೆ, ಅಪ್ಪನದೇ ರಾಗ. ಇದನ್ನು ಅಂಚೆಗೆ ಹಾಕುವುದಿಲ್ಲ, ನಿನ್ನ ಕಾಫಿ ಬಟ್ಟಲಿನ ಕೆಳಗೆ ಇಡುತ್ತೇನೆ. ಇನ್ನೂರು ಜನರ ಮುಂದೆ ಅರಚಬಲ್ಲವನಿಗೆ ಊಟದ ಮೇಜಿನಲ್ಲಿ ಎದುರಿಗೆ ಕೂತ ಒಬ್ಬಳಿಗೆ ಹೇಳಲು ಆಗಲಿಲ್ಲ. ಬರೆಯುವುದೇ ವಾಸಿ, ಈ ಸಲ ಕೊನೆಯವರೆಗೂ ದಪ್ಪ ಅಕ್ಷರದಲ್ಲಿ.

ಇವತ್ತು ಬೆಳಗ್ಗೆ ಓರೆಸ್ತೆಯ ಗಾಡಿಯನ್ನು ಎರಡು ಸಲ ತೊಳೆಸಿದೆ. ಗೊಬ್ಬರ ತುಂಬುವ ಜಾಗದಲ್ಲಿ ಕುರ್ಚಿ ಇಟ್ಟು ಹಗ್ಗ ಬಿಗಿದೆವು. ನಾನು ಇಲ್ಲದ ಧೈರ್ಯ ತಂದುಕೊಂಡು ನಿಂತಿದ್ದೆ. ನೀನು ರೈಲಿನಿಂದ ಇಳಿದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಇಷ್ಟೇನಾ ಇರೋದು ನೀನು? ಕಾಗದದ ದನಿ ನೋಡಿ ಇನ್ನೂ ಎತ್ತರ ಅಂದ್ಕೊಂಡಿದ್ದೆ" ಅಂದೆ. ಓರೆಸ್ತೆ ಹೊಟ್ಟೆ ಹಿಡಿದುಕೊಂಡ. ಗಾಡಿ ನೋಡಿ, "ನನ್ನನ್ನ ತೋಟಕ್ಕೆ ಸುರಿಯೋಕೆ ಕರ್ಕೊಂಡ್ಹೋಗ್ತಿದ್ದೀರಾ?" ಅಂದೆ. ಅವನು, "ಇಲ್ಲ ಡೆಲ್ಫೀನಕ್ಕಾ, ಬೆಟ್ಟ ಹತ್ತೋವಾಗ ಒಂದೇ ಕಡೆ ಭಾರ ಇದ್ರೆ ಗಾಡಿ ಮಗುಚುತ್ತೆ, ಈ ಬಾಯಿಬಡುಕನಿಗೆ ಸರಿತೂಕ ಬೇಕಿತ್ತು" ಅಂದ. ಆಮೇಲೆ ಅವನು ಟೊಪ್ಪಿಗೆ ತೆಗೆದು ನೆಲ ನೋಡುತ್ತಾ, "ಅವತ್ತು ನನಗೂ ವಾಸನೆ ಬಂದಿತ್ತಕ್ಕಾ, ಹೇಳ್ಲಿಲ್ಲ" ಅಂದಾಗ ನೀನು ಅವನ ಕೆನ್ನೆ ತಟ್ಟಿದೆ. ನನ್ನ ಕೆನ್ನೆ ತಟ್ಟಲಿಲ್ಲ. ಅದು ನಾಳೆಯ ಮಾತಿನ ಮೇಲೆ ನಿಂತಿದೆ ಅಂತ ನನಗೆ ಗೊತ್ತು.

ನಿನ್ನ ಕಾಗದ ಬಂದ ದಿನದಿಂದ ಆ ಮಾತು ಕಟ್ಟುತ್ತಿದ್ದೇನೆ. ಕಟ್ಟಿದಷ್ಟೂ ನಾಟಕವಾಗುತ್ತದೆ. ನಾಳೆ ಜರ್ಮನಿಯವರು ಒಂಬತ್ತು ಜನ, ಮಿಲಾನಿನವರು ಆರು, ಅವರ ಹಿಂದೆ ನಮ್ಮೂರಿನವರೇ ಹತ್ತು ಹದಿನೈದು ಜನ ಬರುತ್ತಾರೆ, ನೀನು ಬಂದ ಸುದ್ದಿ ಹರಡಿದೆ. ಹೊರಗಿನವರ ಮುಂದೆ ಹೇಳುವುದು ಸುಲಭ. ನಮ್ಮವರ ಮುಂದೆ, ಅದೂ ಈ ಊರಿನಲ್ಲಿ, ಬಾತಿಸ್ತಾನ ಮಗ ಆ ಮಾತು ಹೇಳುವುದು ಬೇರೆ. ಹದಿನಾರನೇ ವಯಸ್ಸಿನಲ್ಲಿ ಮೊದಲ ಸಲ ರಂಗಕ್ಕೆ ಹೋಗುವಾಗ ನೀನು ಪುಸ್ತಕ ಹಿಡಿದು ಪರದೆಯ ಅಂಚಿನಲ್ಲಿ ನಿಂತಿದ್ದೆ.

ಆದ್ದರಿಂದ ಕೇಳು. ನಾಳೆ ಬೆಳಗ್ಗೆ ಹತ್ತು ಗಂಟೆಗೆ ಚರ್ಚಿನ ಗಂಟೆ ನಿಂತ ಮೇಲೆ ಲಾಂದ್ರ ಹಚ್ಚುತ್ತೇನೆ. ನಿನ್ನ ಕೈ ಹಿಡಿದು ಮೂವತ್ತೆರಡು ಮೆಟ್ಟಿಲು ಇಳಿಸುತ್ತೇನೆ, ಮೆಟ್ಟಿಲಿಗೊಂದು ಸಲ ನಿಲ್ಲೋಣ, ಜನ ಕಾಯಲಿ. ಗೂಡಿನ ಮುಂದೆ ನಿಂತು, ಯಾರೂ ಕೇಳುವ ಮೊದಲೇ, ಗಂಟಲು ಏರಿಸದೆ ಹೇಳುತ್ತೇನೆ: "ಈ ಕೋಣೆಯನ್ನು ಕೊರೆದವನು ನಮ್ಮಪ್ಪ ಬಾತಿಸ್ತಾ. ಈ ಬೆಟ್ಟದಲ್ಲಿ ಅವನಂಥ ಕಲ್ಲುಕೆಲಸದವನಿರಲಿಲ್ಲ. ಅವನ ವೈನು ಹುಳಿಯಾಗಿತ್ತು. ಇವಳು ಅವನ ಮಗಳು, ಈ ಗೂಡು ಇವಳದು." ಇಷ್ಟು ಹೇಳಿ ಲಾಂದ್ರವನ್ನು ನಿನ್ನ ಕೈಗೆ ಕೊಟ್ಟು, ಬಾಯಿ ಮುಚ್ಚಿಕೊಂಡು, ಒಂಬತ್ತು ಜನ ಜರ್ಮನಿಯವರ ನಡುವೆ ಹೋಗಿ ನಿಲ್ಲುತ್ತೇನೆ.

ನಿನ್ನ ತಮ್ಮ,
ವಾಸಿನ್